ತವರಿನ ಅರಳೆ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಅಥಣಿ ರಸ್ತೆಯ ಬಡಾವಣೆಯಲ್ಲಿ ಬೆಳಗಿನ ಏಳಕ್ಕೇ ಕಸದ ಗಾಡಿಯ ಹಾಡು ಶುರುವಾಗುತ್ತದೆ. ಹಾಡಿಗಿಂತ ಜೋರು ಗಾಡಿಯ ಹಿಂದೆ ನಿಂತ ಹೆಣ್ಣುಮಗಳ ದನಿ: "ಹಸೀದು ಬ್ಯಾರೆ, ಒಣಾದು ಬ್ಯಾರೆ ಕೊಡ್ರೀ!" ಇವತ್ತು ಎದುರುಮನೆಯ ಗೇಟಿಗೆ ಒಂದು ಹಳೆಯ ಗಾದಿ ಒರಗಿ ನಿಂತಿತ್ತು. ಗಾಡಿಯವಳು ಅದನ್ನು ನೋಡಿದಳು, ತಲೆ ಅಲ್ಲಾಡಿಸಿದಳು, ಮುಂದೆ ಹೋದಳು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಎದೆ ಚುರುಕ್ ಅಂದಿತು. ಪರರ ಮನೆಯ ಗಾದಿ ಕಂಡು ಚುರುಕ್ ಅನ್ನುವುದಕ್ಕೇನಿದೆ ಅಂತೀರಾ? ಸ್ವಲ್ಪ ಕೂಡ್ರಿ, ಹೇಳುತ್ತೇನೆ. ನನ್ನ ಮರ್ಯಾದೆ ನಾನೇ ಕಳೆದುಕೊಂಡ ಕತೆಯಿದು.

ಏಳೆಂಟು ವರ್ಷದ ಹಿಂದಿನ ಮಾತು. ನಾನಾಗ ಸಾಲಿಯಲ್ಲಿ ಐದನೆಯ ಇಯತ್ತೆಗೆ ಪರಿಸರ ಪಾಠ ಹೇಳುತ್ತಿದ್ದೆ. ಹಬ್ಬದಲ್ಲಿ ಕಸ ಕಡಿಮೆ ಮಾಡಿ, ಇದ್ದುದನ್ನೇ ಮತ್ತೆ ಬಳಸಿ ಎಂದು ಮಕ್ಕಳ ಕೈಗೆ ಫಲಕ ಕೊಟ್ಟು ಓಣಿ ತುಂಬ ಮೆರವಣಿಗೆ ಹೊರಡಿಸಿದ್ದೆ. ಘೋಷಣೆ ಬರೆದವಳೂ ನಾನೇ, ಎಲ್ಲರಿಗಿಂತ ದೊಡ್ಡದಾಗಿ ಕೂಗಿದವಳೂ ನಾನೇ. ಅದೇ ವಾರ ನಮ್ಮ ಅತ್ತೆ ಬಬಲೇಶ್ವರಕ್ಕೆ ಹೋಗಿದ್ದರು. ಅಲ್ಲಿಗೆ ಕೊಟ್ಟ ನನ್ನ ನಾದಿನಿ ಶೋಭಾಳನ್ನು ಚೊಚ್ಚಲ ಬಾಣಂತನಕ್ಕೆ ಕರೆತರುವುದಿತ್ತು. ನವರಾತ್ರಿಯ ಮೊದಲ ದಿನ, ಘಟ್ಟ ಹಾಕುವ ಹೊತ್ತಿಗೆ ಇಬ್ಬರೂ ಬರುವವರು.

ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ತೊಳೆದು ಹಾಕುವುದು ನಮ್ಮ ಕಡೆಯ ಪದ್ಧತಿ. ತೊಳೆಯಲಾಗದ್ದು ಅತ್ತೆಯ ಗಾದಿಯೊಂದೇ. ನಲವತ್ತು ವರ್ಷ ಮಲಗಿ ಮಲಗಿ ಅದು ಕಡಪಾ ಕಲ್ಲಿನಂತೆ ಬಿಗಿದಿತ್ತು. ಎತ್ತಿದರೆ ಧೂಳು, ಕೊಡವಿದರೆ ಸೀನು. ಸೊಂಟ ನೋವೆಂದು ನರಳುವ ಅತ್ತೆಗೆ ಒಂದು ಫೋಮ್ ಗಾದಿ ತಂದು ಹಾಕಿ, ಬಂದಕೂಡಲೇ ಬೆರಗಾಗಿಸಬೇಕು ಎಂದು ನನಗೆ ಹುಕಿ ಬಂತು. ಹಬ್ಬದ ಆಫರ್ ಬೇರೆ ಇತ್ತು. ಹೊಸದು ಬಂತು, ಹಳೆಯದನ್ನು ಗೇಟಿಗೆ ಒರಗಿಸಿದೆ. ಗಾಡಿಯವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಕ್ಕಾರ, ಇದು ಹಸೀದೂ ಅಲ್ಲ, ಒಣಾದೂ ಅಲ್ಲ. ನಾ ಒಯ್ಯಂಗಿಲ್ರಿ."

ಕಸ ಕಡಿಮೆ ಮಾಡಿರೆಂದು ಊರಿಗೆಲ್ಲ ಹೇಳಿದವಳು ನಾನೇ. ನಮ್ಮವರೂ ನಾನೂ ಸೇರಿ ಗಾದಿಯನ್ನು ದರದರ ಎಳೆದೊಯ್ದು ಪಕ್ಕದ ಖಾಲಿ ಜಾಗದಲ್ಲಿ ಒಗೆದು ಬಂದೆವು. ನಮ್ಮವರದು ಮಾತು ಕಡಿಮೆ. "ಅವ್ವನ್ನ ಒಂದ ಮಾತ ಕೇಳಬೇಕಿತ್ತೇನೋ" ಅಂದರು, ಅದೂ ಕೈ ತೊಳೆದ ಮೇಲೆ.

ಮಧ್ಯಾಹ್ನ ಓಣಿಯಲ್ಲಿ ಟಂಯ್ ಟಂಯ್ ಎಂದು ನಾದ ಕೇಳಿತು. ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತ ಒಬ್ಬ ಮುದುಕ, ಹತ್ತಿ ಹಿಂಜುವ ಪಿಂಜಾರ ಚಾಚಾ. ಬೇಡ ಚಾಚಾ, ನಾವು ಫೋಮ್ ತಂದೇವಿ ಅಂದೆ. ಅವನು ಬೇಸರಿಸಲಿಲ್ಲ, ಆ ಮಾತು ಅವನಿಗೆ ದಿನದ್ದು.

"ಅಲ್ಲಿ ಬಿದ್ದ ಗಾದಿ ನಿಮ್ದೇನ್ರಿ? ಮೂಲಿ ಬಿಚ್ಚಿ ನೋಡ್ದೆ. ಜವಾರಿ ಹತ್ತಿ ಐತ್ರಿ, ಇಂಥಾ ಅರಳಿ ಈಗೆಲ್ಲಿ ಸಿಗಬೇಕು. ನಿಮಗ ಬ್ಯಾಡಾದ್ರ ನಾ ಒಯ್ಯಲೇನ್ರಿ?"

"ಪುಣ್ಯಾ ಬರ್ತೈತಿ, ಒಯ್ಯಿ ಚಾಚಾ" ಅಂದೆ. ಅವನು ತಿಕೋಟಾದವನಂತೆ. ಟಂಟಂ ಗಾಡಿಯೊಂದಕ್ಕೆ ಹೇರಿಕೊಂಡು ಹೋದ. ಮರುಬಳಕೆ ಆಯಿತಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಬಬಲೇಶ್ವರದಿಂದ ಅತ್ತೆಯ ಫೋನು. "ನಾಳಿ ಬರ್ತೇವಿ ಬೇ. ಪಿಂಜಾರ ಬಂದ್ರ ನಿಂದರಿಸಿ ಇಡು. ನನ್ನ ಗಾದಿ ಹಿಂಜಿಸಿ ಶೋಭಾನ ಕೂಸಿಗೆ ಸಣ್ಣ ಗಾದಿ ಮಾಡಸೂದೈತಿ. ಅದು ನನ್ನ ತವರೂರು ಕಳ್ಳಕವಟಗಿ ಹತ್ತಿ, ನಮ್ಮವ್ವ ತನ್ನ ಕೈಲೆ ಬಿಡಿಸಿದ್ದು. ನನ್ನ ಬಾಣಂತನಕ್ಕ ಕೊಟ್ಟಿದ್ಲು. ನನ್ನ ಮಕ್ಕಳೆಲ್ಲಾ ಅದರ ಮ್ಯಾಲೇ ಮೊದಲ ಸಲ ಹೊಳ್ಳಿ ಬಿದ್ದಾವು."

ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಸೊಸೆಯಾಗಿ ಬಂದು ಹತ್ತು ವರ್ಷವಾಗಿತ್ತು, ಅತ್ತೆ ಮಲಗುವ ಗಾದಿ ಎಲ್ಲಿಯದೆಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮವರ ಬೈಕಿನ ಹಿಂದೆ ಕೂತು ತಿಕೋಟಾಕ್ಕೆ ಹೊರಟೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಿದ್ದವು, ಒಂದೂ ಕಣ್ಣಿಗೆ ಬೀಳಲಿಲ್ಲ.

ಚಾಚಾನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಸದ್ದೇ ಕರೆಯಿತು. ಒಳಗೆ ಹೆಜ್ಜೆಯಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಜಂತಿಯಿಂದ ಇಳಿಬಿದ್ದ ಬಿಲ್ಲು, ಅದರ ನರಕ್ಕೆ ಮರದ ಕೊಡತಿಯಿಂದ ಒಂದು ಏಟು. ನರ ಕಂಪಿಸಿ ಮುದ್ದೆಗಟ್ಟಿದ ಹತ್ತಿಗೆ ತಾಗಿತು, ಮುದ್ದೆ ಬಿಚ್ಚಿಕೊಂಡಿತು. ಏಟಿಗೊಂದು ಎಸಳು ಮೇಲೆದ್ದು, ಗಾಳಿಯಲ್ಲಿ ಒಂದಿಷ್ಟು ನಿಂತು, ಮೆತ್ತಗೆ ಇಳಿಯಿತು. ನಾನು ದರದರ ಎಳೆದ ಆ ಕಪ್ಪು ಕಲ್ಲು ಮೊಳಕಾಲೆತ್ತರ ಎದ್ದಿತ್ತು, ನೋಡನೋಡುತ್ತ ಸೊಂಟದೆತ್ತರ ಎದ್ದಿತು. ಬಿಳುಪೆಂದರೆ ಆಗಷ್ಟೇ ಕಾಯಿ ಒಡೆದ ಬಿಳುಪು. ನಲವತ್ತು ವರ್ಷದ ಬೆವರು, ಕಣ್ಣೀರು, ಕೂಸುಗಳ ಉಚ್ಚೆ ಎಲ್ಲ ಎಲ್ಲಿ ಹೋದವೋ! ದೇವರ ಮುಂದೆ ನಿಂತಾಗಲೂ ನನ್ನ ಮೈ ಹಾಗೆ ಝುಂ ಅಂದದ್ದಿಲ್ಲ.

ಚಾಚಾ ಬೆವರು ಒರೆಸಿಕೊಂಡು ಕೂಡಲು ಚಾಪೆ ಕೊಟ್ಟ. ನನ್ನ ಹಾಳು ಮೇಷ್ಟ್ರ ಬುದ್ಧಿ, ಸುತ್ತಲೂ ಕಣ್ಣಾಡಿಸಿದೆ. ಗಾದಿಯಿಂದ ಬಿಚ್ಚಿದ ದಾರ ಕಡ್ಡಿಗೆ ಸುತ್ತಿತ್ತು. ಗಾದಿಯ ಹೊರಚೀಲವಾದ ಹರಿದ ಖೋಳದಲ್ಲಿ ಗಟ್ಟಿಯಿದ್ದ ಭಾಗವನ್ನು ಒಗೆದು ಒಣಗಿಸಿತ್ತು. ಗಿಡ್ಡ ಎಳೆಯ ಅರಳೆ ಒಂದು ಪುಟ್ಟಿಯಲ್ಲಿ, ದೀಪಾವಳಿಗೆ ಬತ್ತಿ ಹೊಸೆಯುವವರು ಒಯ್ಯುತ್ತಾರಂತೆ. ನೆಲದ ಧೂಳನ್ನು ಗುಡಿಸಿ ನುಗ್ಗೆಗಿಡದ ಬುಡಕ್ಕೆ ಹಾಕಿತ್ತು.

"ಕಸಾ ಎಲ್ಲಿ ಒಗೀತಿ ಚಾಚಾ?" ಎಂದು ಕೇಳಿಬಿಟ್ಟೆ.

ಅವನು ನಿಜವಾಗಿಯೂ ತಿಳಿಯದೆ ನನ್ನ ಮುಖ ನೋಡಿದ. "ಯಾವ ಕಸಾ ರೀ?"

ಮಕ್ಕಳಿಗೆ ಹೊರೆಸಿದ ಫಲಕಗಳೆಲ್ಲ ನೆನಪಾಗಿ ತಲೆ ತಗ್ಗಿತು. ತಗ್ಗಿಸಿದ ಕಣ್ಣಿಗೆ ಕಂಡವಳು ಅವನ ಮಗಳು ಹಸೀನಾ. ತುಂಬಿದ ಬಸುರಿ, ಕಾಲು ಚಾಚಿ ಕೂತು ಗಟ್ಟಿಯಿದ್ದ ಆ ಅರಿವೆಯಿಂದಲೇ ಮೊಳದಗಲದ ಖೋಳ ಹೊಲಿಯುತ್ತಿದ್ದಳು. ಅರಳೆ ಯಾರ ಕೂಸಿಗೆ ಎಂದು ಕೇಳುವ ಅಗತ್ಯ ಉಳಿಯಲಿಲ್ಲ. ಊರ ಗಾದಿಗಳನ್ನೆಲ್ಲ ಹಿಂಜಿದ ಆ ಮನೆಯಲ್ಲಿ ಹಾಸಲು ಇದ್ದದ್ದು ಚಾಪೆ ಮಾತ್ರ. ಕೊಟ್ಟದ್ದನ್ನು ಮರಳಿ ಕೇಳಲು ಬಂದಿದ್ದೆ. ನಮ್ಮವರು ಕೆಮ್ಮಿದರು. ನಾನು ಏನೋ ಹೇಳಲು ಹೋಗಿ ಗೊಳೋ ಅಂದುಬಿಟ್ಟೆ. ಅಳುತ್ತಲೇ ಅತ್ತೆ, ಕಳ್ಳಕವಟಗಿ, ಶೋಭಾ, ಫೋಮು ಎಲ್ಲವನ್ನೂ ಒದರಿದೆ.

ಚಾಚಾ ಮಗಳ ಕಡೆ ನೋಡಿದ. ಹಸೀನಾ ಸೂಜಿ ನಿಲ್ಲಿಸಿ ಅರಳೆಯ ಕಡೆ ನೋಡಿದಳು.

"ಅಳೂದ್ಯಾಕ್ರಿ ಅಕ್ಕಾರ? ಕೂಸಿನ ಮೈ ಎಷ್ಟಿರ್ತೈತಿ? ಎರಡಾಗ್ತಾವ ತಗೋರಿ" ಅಂದಳು.

ಚಾಚಾ ಎದ್ದು ಎರಡೂ ತೋಳು ಅರಳೆಯೊಳಗೆ ಇಳಿಸಿದ. ನಿದ್ದೆ ಹೋದ ಕೂಸನ್ನು ಎತ್ತಿದಂತೆ ಅರ್ಧ ಎತ್ತಿ ನನ್ನ ಮಡಿಲಿಗೆ ಹಾಕಿದ. ಮಡಿಲು ತುಂಬಿತು, ಆದರೆ ಭಾರವೇ ಇಲ್ಲ. ಅಲ್ಲೇ ಸಣ್ಣ ಗಾದಿ ತುಂಬಿ ಹೊಲಿದೂ ಕೊಟ್ಟ.

ಅತ್ತೆಯಿಂದ ಮರೆಮಾಚಬಹುದಿತ್ತು. ಆ ಮನೆ ನೋಡಿ ಬಂದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ, ಹೊಸ್ತಿಲಲ್ಲೇ ಎಲ್ಲ ಹೇಳಿದೆ. ಅತ್ತೆ ಧಪ್ಪನೆ ಕಟ್ಟೆಯ ಮೇಲೆ ಕೂತರು. "ಸಾಲ್ಯಾಗ ಹುಡುಗೂರಿಗೆ ಏನ ಕಲಸ್ತೀ ಬೇ ನೀ?" ಅಂದರು. ಅದು ಬರಬೇಕಾದದ್ದೇ. ಬಹಳ ಹೊತ್ತು ಸಣ್ಣ ಗಾದಿಯ ಮೇಲೆ ಕೈಯಾಡಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಆ ಹುಡಿಗಿ ಕೂಸಿಗೆ ಸಾಕಾತೇನು?"

ಶೋಭಾಳ ಮಗ ಮೊದಲ ಸಲ ಮಗುಚಿ ಹೊಳ್ಳಿ ಬಿದ್ದದ್ದೂ ಆ ಗಾದಿಯ ಮೇಲೇ. ಈಗ ಬಬಲೇಶ್ವರದ ಸಾಲಿಗೆ ಹೋಗುತ್ತಾನೆ. ಚಾಚಾ ಎರಡು ಮೂರು ಸಲ ಓಣಿಗೆ ಬಂದ, ಆಮೇಲೆ ಬಿಲ್ಲಿನ ಸದ್ದು ನಿಂತಿತು. ಯಾಕೆ ನಿಂತಿತೆಂದು ನಾನು ವಿಚಾರಿಸಲಿಲ್ಲ. ನನ್ನ ಸ್ವಭಾವ ಗೊತ್ತಲ್ಲ ನಿಮಗೆ, ಕೇಳಬೇಕಾದ್ದನ್ನು ಕೇಳದವಳು.

ಮೊನ್ನೆ ರವಿವಾರ ಹಸೀನಾ ಬಂದಿದ್ದಳು. ಒಮ್ಮೆಲೇ ಗುರುತು ಹತ್ತಲಿಲ್ಲ. ಕಂಕುಳಲ್ಲಿ ಒಂದು ಗಂಟು. ಅತ್ತೆಯ ಮುಂದೆ ಬಿಚ್ಚಿದಳು: ಒಗೆದ ಖೋಳ, ಒಳಗೆ ಹೊಸದಾಗಿ ಹಿಂಜಿದ ಅರಳೆ.

"ಅಪ್ಪಾ ಹೋಗಿ ಆರ ತಿಂಗಳಾತ್ರಿ. ಹೋಗೂಕಿಂತ ಮುಂಚೆ ಹೇಳಿದ್ದ. ಕೂಸು ಬೆಳದೈತಿ, ಅರಳಿ ಆ ಅವ್ವಗ ಮುಟ್ಟಸು, ಅದು ಅಕೀ ತವರಮನೀದು, ನಮಗ ಬರೇ ಕೂಸು ಬೆಳೆಯೂತನಾ ಕೊಟ್ಟಿದ್ದು ಅಂದಾ. ಹಾಸಿಗಿ ಹಿಡದಿದ್ದ್ರೀ, ಆದ್ರೂ ಎದ್ದ ಕುಂತ ತಾನ ಹಿಂಜ್ಯಾನ. ಇದ ಅವನ ಕಡೀ ಅರಳಿ."

ನಾನು ಹೊರೆ ಕಳೆಯಿತೆಂದು ಖಾಲಿ ಜಾಗದಲ್ಲಿ ಒಗೆದದ್ದನ್ನು ಆ ಮನುಷ್ಯ ಇಷ್ಟು ವರ್ಷ ಬೇರೆಯವರದೆಂದು ಜೋಪಾನ ಮಾಡಿದ್ದ. ಅತ್ತೆ ಎದ್ದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಇಟ್ಟುಕೊಂಡು ಬಂದು ನನ್ನ ಕೈಗೆ ಕೊಟ್ಟರು.

"ಮನಿಮಗಳು ಬಂದಾಳ. ಉಡಿ ತುಂಬು."

ಹಸೀನಾ ಸೆರಗು ಒಡ್ಡಿದಳು. ನನ್ನ ಬೊಗಸೆಯ ಅಕ್ಕಿ ಅರ್ಧ ಅವಳ ಉಡಿಗೆ, ಅರ್ಧ ನೆಲಕ್ಕೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಅವಳು ತಟ್ಟನೆ ಗಂಟನ್ನು ಆಚೆ ಸರಿಸಿದಳು.

"ಅಕ್ಕಾರ, ಸ್ವಲ್ಪ ಆ ಕಡೆ ಹೊಳ್ಳಿ ಅಳ್ರೆಲಾ. ಅರಳಿ ತೊಯ್ದ್ರ ಮತ್ತ ಹಿಂಜಾಕ ಅಪ್ಪಾ ಇಲ್ರೀ ಈಗ."