ಅಕ್ಕಮ್ಮನ ಹೆಸರಿನ ಸರ್ವರು

ನಮ್ಮ ಕನ್ನಡ ಸಂಘದ ಕಚೇರಿಯಲ್ಲಿ ಹೆಸರಿಲ್ಲದ ವಸ್ತು ಯಾವುದೂ ಇಲ್ಲ. ಗೋರೆಗಾಂವ್ ಸ್ಟೇಷನ್ನಿಗೆ ಹತ್ತಿರದ ಹಳೆಯ ಬಿಲ್ಡಿಂಗೊಂದರಲ್ಲಿರುವ ಒಂದೇ ಕೋಣೆಯ ಕಚೇರಿ ಅದು. ಕುರ್ಚಿಯ ಬೆನ್ನಿಗೆ ಒಬ್ಬರ ಹೆಸರು, ಗೋಡೆ ಗಡಿಯಾರದ ಹೊಟ್ಟೆಯಲ್ಲಿ ಇನ್ನೊಬ್ಬರದು, ಚಹಾ ಪಾತ್ರೆಯ ಕಂಠಕ್ಕೆ ಒಂದು ಇಡೀ ಕುಟುಂಬದ್ದು. ಫ್ಯಾನಿನ ರೆಕ್ಕೆಗಳ ಮೇಲೂ ಯಾರದೋ ತೀರ್ಥರೂಪರ ಹೆಸರಿದೆ. ತಿರುಗುವಾಗ ಅದನ್ನು ಓದಲಾಗುವುದಿಲ್ಲ. ಕರೆಂಟು ಹೋಗಿ ಎಲ್ಲರೂ ಬೆವರತೊಡಗಿದಾಗಷ್ಟೇ ದಾನಿಯ ಸ್ಮರಣೆಯಾಗುತ್ತದೆ.

ಇದನ್ನು ನೋಡಿ ನಗುವವರಿದ್ದಾರೆ. ನನಗೆ ಮಾತ್ರ ಇದು ನಮ್ಮ ಹಳೆಯ ದಾನಶಾಸನಗಳ ವಂಶಕ್ಕೇ ಸೇರಿದ್ದು ಅನ್ನಿಸುತ್ತದೆ. ಕೆರೆ ಕಟ್ಟಿಸಿದವರು, ದೇವರ ದೀಪಕ್ಕೆ ಗದ್ದೆ ಬಿಟ್ಟವರು ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಿದ್ದರು. ಕೊನೆಯಲ್ಲಿ, ಈ ದಾನಕ್ಕೆ ತಪ್ಪಿದವರಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂದು ಶಾಪವನ್ನೂ ಹಾಕಿಸಿಡುತ್ತಿದ್ದರು. ಫ್ಯಾನಿನ ರೆಕ್ಕೆಯಲ್ಲಿ ಅಷ್ಟು ಜಾಗವಿಲ್ಲದ್ದರಿಂದ ಶಾಪವನ್ನು ಬಿಟ್ಟಿದ್ದಾರೆ, ಅಷ್ಟೇ.

ಕಚೇರಿಯ ಮೂಲೆಯಲ್ಲಿರುವ ಸರ್ವರಿನ ಮೇಲೂ ಕೆಂಪು ಬಣ್ಣದಲ್ಲಿ ‘ದಿ. ಅಕ್ಕಮ್ಮ ಶೆಡ್ತಿಯವರ ಸ್ಮರಣಾರ್ಥ’ ಎಂದು ಬರೆಸಿದೆ. ಕೊಟ್ಟವರು ಅವರ ಮಗ ವಾಸಣ್ಣ. ಉಡುಪಿ ಕಡೆಯವರು, ಸ್ಟೇಷನ್ನಿನ ಎದುರಿನ ಹೋಟೆಲು ಅವರದು. ಸರ್ವರೆಂದರೆ ಹಗಲಿರುಳು ಎಚ್ಚರವಿದ್ದು ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಕಂಪ್ಯೂಟರು. ನಮ್ಮದು ಒದಗಿಸುತ್ತಿದ್ದದ್ದು ರಕ್ತದಾನಿಗಳ ವಿವರ. ನಮ್ಮ ವೆಬ್‌ಸೈಟಿನಲ್ಲಿ ರಕ್ತದ ಗುಂಪನ್ನೂ ಸ್ಟೇಷನ್ನನ್ನೂ ಆರಿಸಿದರೆ ಸಾಕು, ಹತ್ತಿರ ಯಾರಿದ್ದಾರೆಂದು ಹೇಳುತ್ತಿತ್ತು. ಬಾಂದ್ರಾದ ಒಂದು ಕಂಪನಿಯಲ್ಲಿ ನನಗೆ ಇಂಥದೇ ಕೆಲಸ. ಹಾಗಾಗಿ ಸಂಘದಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಪ್ರತಿಯೊಂದಕ್ಕೂ ನಾನೇ ವೈದ್ಯೆ. ಹಾರ್ಮೋನಿಯಂ ಕೆಟ್ಟಾಗಲೂ ನನಗೇ ಫೋನ್ ಬಂದಿತ್ತು. ಅದಕ್ಕೆ ಪ್ಲಗ್ಗೇ ಇಲ್ಲ ಎಂಬ ನನ್ನ ವಾದ ನಡೆಯಲಿಲ್ಲ.

ಈ ಸರ್ವರಿನ ಮೇಲೆ ನನಗೆ ಅಕ್ಕರೆ ಇತ್ತು. ಆಫೀಸಿನಲ್ಲಿ ನಾನು ನೋಡಿಕೊಳ್ಳುವ ಯಂತ್ರಗಳನ್ನು ಕಣ್ಣಾರೆ ಕಂಡವಳಲ್ಲ. ಇದನ್ನಾದರೆ ಮುಟ್ಟಬಹುದು, ಧೂಳು ಒರೆಸಬಹುದು, ಸಿಟ್ಟು ಬಂದರೆ ಒಂದು ತಟ್ಟಬಹುದು. ಆದರೆ ಕಳೆದ ಮಳೆಗಾಲದಲ್ಲಿ ಬಿಲ್ಡಿಂಗಿನ ಕರೆಂಟು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಯಿತು, ಸರ್ವರೂ ನಿಂತಿತು. ಅದೇ ಮಧ್ಯಾಹ್ನ ಬೊರಿವಲಿಯಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಬೇಕಾಗಿ, ಅವಳ ಗಂಡ ಮೊಬೈಲಿನಲ್ಲಿ ನಮ್ಮ ವೆಬ್‌ಸೈಟನ್ನು ತೆರೆಯಲು ನೋಡುತ್ತಲೇ ಇದ್ದನಂತೆ. ಅದು ತೆರೆಯಲಿಲ್ಲ. ಪುಣ್ಯಕ್ಕೆ ಬೇರೆ ಕಡೆಯಿಂದ ರಕ್ತ ಸಿಕ್ಕಿತು, ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ಸಭೆಯಲ್ಲಿ, ಕ್ಲೌಡಿಗೆ ಹೋಗೋಣ ಎಂದೆ. ಯಾವುದಾದರೂ ದೊಡ್ಡ ಕಂಪನಿಯ ಸರ್ವರುಗಳಲ್ಲಿ ನಮಗೆ ಬೇಕಾದಷ್ಟು ಜಾಗವನ್ನು ಬಾಡಿಗೆಗೆ ಹಿಡಿಯುವುದು, ಕರೆಂಟು ನೀರಿನ ಚಿಂತೆಯೆಲ್ಲ ಅವರದು ಎಂದು ವಿವರಿಸಿದೆ. ಬಾಡಿಗೆ ಎಂಬ ಮಾತು ಬಂದದ್ದೇ ತಡ, ವಿಜಯಪುರ ಕಡೆಯ ನಮ್ಮ ಅಧ್ಯಕ್ಷರ ಮುಖ ಸಣ್ಣಗಾಯಿತು.

“ಬಾಡಿಗಿ ಅಂದ್ರ ಬಾಡಿಗೀನ ಅಲ್ಲೇನ್ರೀ ಅಕ್ಕಾರ? ನಾಳೆ ಮಾಲಕ ಖಾಲಿ ಮಾಡ್ರಿ ಅಂದ್ರ ಎಲ್ಲಿ ಹೋಗೂದು?”

ಮುಂಬೈಯಲ್ಲಿ ಬದುಕಿದವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹನ್ನೊಂದು ತಿಂಗಳ ಎಗ್ರಿಮೆಂಟು ಮುಗಿಯುತ್ತಿದ್ದಂತೆ ಫ್ರಿಜ್ಜನ್ನು ಟೆಂಪೋದಲ್ಲಿ ಹಾಕಿಕೊಂಡು ಮುಂದಿನ ಸ್ಟೇಷನ್ನಿಗೆ ಹೊರಟ ಸಂಸಾರಗಳೆಷ್ಟೋ. ನಮ್ಮದೂ ಅವುಗಳಲ್ಲೊಂದು. ಬಳಿಕ ಬೊರಿವಲಿಯಲ್ಲಿ ಸ್ವಂತ ಮನೆಯಾಯಿತು. ಮೊದಲು ನಲ್ಲಿ ಸೋರಿದರೆ ಮಾಲೀಕರಿಗೆ ಫೋನ್ ಮಾಡಿ ಜೋರು ಮಾಡುತ್ತಿದ್ದೆ. ಈಗ ಸೋರಿದರೆ ನನಗೆ ನಾನೇ ಜೋರು ಮಾಡಿಕೊಳ್ಳಬೇಕು. ಸ್ವಂತದ್ದರ ಸುಖವೂ ಇದೇ, ಕಷ್ಟವೂ ಇದೇ. ನಾನು ಇದನ್ನೇ ಹೇಳಿದೆ, ಬಾಣಂತಿಯ ಸುದ್ದಿಯನ್ನೂ ಹೇಳಿದೆ. ಸಭೆ ಒಪ್ಪಿತು. ಆದರೆ ವಾಸಣ್ಣನಿಗೆ ಯಾರು ಹೇಳುವುದು ಎಂದಾಗ ಎಲ್ಲರೂ ಫ್ಯಾನನ್ನು ನೋಡತೊಡಗಿದರು.

ಮರುದಿನ ಸಂಜೆ ನಾನೇ ಹೋದೆ. ವಾಸಣ್ಣ ಗಲ್ಲಾದಲ್ಲಿ ಕೂತಿದ್ದರು. ಕಾಫಿ ತರಿಸಿದರು. ಲೋಕಲ್ ಟ್ರೇನಿನಲ್ಲಿ ನಿಂತು ಸಿದ್ಧಮಾಡಿಕೊಂಡಿದ್ದ ಭಾಷಣವೆಲ್ಲ ಮರೆತುಹೋಗಿ, “ವಾಸಣ್ಣ, ಸರ್ವರನ್ನು ನಿಲ್ಲಿಸ್ಬೇಕಂತ ಉಂಟು,” ಎಂದುಬಿಟ್ಟೆ.

“ಕೆಟ್ಟಿತಾ?”

“ಕೆಡ್ಲಿಲ್ಲ. ಕರೆಂಟು ಹೋದ್ರೆ ಅದೂ ಹೋಗ್ತದೆ. ಬೇರೆ ಕಡೆ ಬಾಡಿಗೆಗೆ ಜಾಗ ಮಾಡುವ ಅಂತ.”

“ಅಮ್ಮನ ಹೆಸರು ಉಂಟಲ್ಲ ಮಾರಾಯ್ತಿ ಅದರಲ್ಲಿ.”

ಅಲ್ಲಿಯೂ ನಮ್ಮ ಪಾಲಿನ ಸರ್ವರಿಗೆ ಒಂದು ಹೆಸರಿಡಬಹುದು, ಅಕ್ಕಮ್ಮ ಎಂದೇ ಇಡುತ್ತೇನೆ, ಆದರೆ ಅದು ನನ್ನೊಬ್ಬಳಿಗೇ ಕಾಣುತ್ತದೆ ಎಂದೆ. ವಾಸಣ್ಣ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಟ್ಟು ನನ್ನ ಕಡೆ ತಿರುಗಿದರು.

“ಹೆಸರು ಕಾಣ್ಲಿ, ಬಿಡ್ಲಿ. ಅಮ್ಮ ಈ ಊರಲ್ಲಿ ಇದ್ದಷ್ಟು ಕಾಲ ಬಾಡಿಗೆ ಖೋಲಿಯಲ್ಲೇ ಇದ್ದದ್ದು. ನಾನು ಸ್ವಂತ ಮನೆ ಮಾಡುವಾಗ ಅವಳಿಲ್ಲ. ಸಂಘದ್ದು ಸ್ವಂತ ಜಾಗ ಅಲ್ವಾ, ಅಲ್ಲಿ ಒಂದು ಮೂಲೆಯಲ್ಲಾದ್ರೂ ಇರ್ಲಿ ಅಂತ ಕೊಟ್ಟದ್ದು. ಈಗ ನೀವು ಅವಳನ್ನು ಪುನಃ ಬಾಡಿಗೆಗೆ ಕಳಿಸ್ತೀರಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಇಷ್ಟು ವರ್ಷ ದೊಡ್ಡ ದೊಡ್ಡ ಕಂಪನಿಗಳವರಿಗೆ ಸ್ವಂತ ಸರ್ವರು ಒಳ್ಳೆಯದೋ ಕ್ಲೌಡು ಒಳ್ಳೆಯದೋ ಎಂದು ಬುದ್ಧಿ ಹೇಳಿದವಳು ನಾನು. ಅಲ್ಲಿ ಯಾರೂ ಈ ಮಾತು ಎತ್ತಿರಲಿಲ್ಲ. “ಬೇಡ ವಾಸಣ್ಣ, ಅಲ್ಲೇ ಇರ್ಲಿ. ಇನ್ನೊಂದು ಯುಪಿಎಸ್ ಹಾಕಿ ನೋಡುವ,” ಎಂದೆ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಅಲ್ಲಿ ಕರೆಂಟು ಹೋಗುದಿಲ್ವಾ?”

“ಹೋದ್ರೂ ಗೊತ್ತಾಗುದಿಲ್ಲ. ದೊಡ್ಡ ಜನರೇಟರ್ ಉಂಟು.”

“ಮಳೆನೀರು ನುಗ್ಗುದಿಲ್ವಾ?”

“ಇಲ್ಲ. ಅದಕ್ಕೆ ಎತ್ತರದಲ್ಲಿ ಕಟ್ಟಿದ್ದು.”

“ಸೆಕೆ?”

“ಇಪ್ಪತ್ತನಾಲ್ಕು ಗಂಟೆಯೂ ಎಸಿ ವಾಸಣ್ಣ. ಬಂದ್ ಮಾಡುದೇ ಇಲ್ಲ.”

ಅವರು ಗಲ್ಲಾದ ಡ್ರಾಯರನ್ನು ಮುಚ್ಚಿದರು.

“ಹಾಗಾದ್ರೆ ಕಳಿಸು. ಅಮ್ಮ ಇದ್ದದ್ದು ಒಂದೇ ಕಿಟಕಿಯ ಖೋಲಿ, ತಗಡಿನ ಮಾಡು. ರಾತ್ರಿ ಇಡೀ ನನಗೆ ಬೀಸಣಿಗೆ ಬೀಸ್ತಿದ್ಲು. ಅವಳಿಗೊಂದು ಎಸಿ ಹಾಕಿಸಿ ಕೊಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ.”

ಅಕ್ಕಮ್ಮ ಹೊಸ ಜಾಗಕ್ಕೆ ಹೋದರು. ಹಳೆಯ ಪೆಟ್ಟಿಗೆ ಆಫಾಗಿ ಮೂಲೆಯಲ್ಲೇ ಇದೆ, ತೆಗೆಯುವ ಧೈರ್ಯ ಯಾರಿಗೂ ಬಂದಿಲ್ಲ. ಈ ಮಳೆಗಾಲದಲ್ಲೂ ಬಿಲ್ಡಿಂಗಿನ ಕರೆಂಟು ಹೋಯಿತು, ವೆಬ್‌ಸೈಟು ಅಲುಗಲಿಲ್ಲ. ಏನಾದರೂ ತೊಂದರೆಯಾದರೆ ತಾನಾಗಿ ಸಂದೇಶ ಬರುವ ಏರ್ಪಾಡು ಅಲ್ಲಿದೆ, ನಾನಾಗಿ ವಿಚಾರಿಸುವ ಅಗತ್ಯವಿಲ್ಲ. ಆದರೂ ಬೆಳಿಗ್ಗೆ ಬೊರಿವಲಿಯಲ್ಲಿ ಲೋಕಲ್ ಹತ್ತಿ, ಕಾಲೂರಲು ಜಾಗ ಸಿಕ್ಕಿದ ಕೂಡಲೇ ಮೊಬೈಲಿನಲ್ಲಿ ಒಮ್ಮೆ ನೋಡುತ್ತೇನೆ. ಅಕ್ಕಮ್ಮ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದರೆ ಕ್ಷೇಮ.

ಲೇಡೀಸ್ ಡಬ್ಬಿಯಲ್ಲಿ ಯಾರ ಮೊಬೈಲೂ ಅವರೊಬ್ಬರದೇ ಅಲ್ಲ. ಮೊನ್ನೆ ಪಕ್ಕದಲ್ಲಿ ನಿಂತಿದ್ದವಳು ಇಣುಕಿ, ನಾನು ದಿನಾ ನೋಡುವ ಆ ಹೆಸರಿನ ಮೇಲೆ ಬೆರಳಿಟ್ಟು, “ರೋಜ್ ದೇಖತೀ ಹೋ. ಕೌನ್ ಹೈ ಯೇ ಅಕ್ಕಮ್ಮ? ಸಾಸ್ ಹೈ?” ಎಂದು ಕೇಳಿದಳು. ಅತ್ತೆಯಲ್ಲ ಎಂದರೆ ಬಾಂದ್ರಾ ಬರುವವರೆಗೂ ವಿವರಿಸಬೇಕು. ಅಲ್ಲದೆ, ಚೆನ್ನಾಗಿದ್ದಾರೆಂದು ಗೊತ್ತಿದ್ದೂ ನಾವು ದಿನಾ ವಿಚಾರಿಸುವ ಒಬ್ಬರು ನಮಗೆ ಏನೂ ಅಲ್ಲ ಎಂದು ಹೇಳುವುದಾದರೂ ಹೇಗೆ?

“ಹಾಂ, ಎಸಿ ಮೇ ರಹತೀ ಹೈ,” ಎಂದೆ.

“ನಸೀಬವಾಲೀ,” ಎಂದು ಅತ್ತೆಯ ಅದೃಷ್ಟಕ್ಕೆ ತಲೆದೂಗಿ ಅವಳು ದುಪಟ್ಟಾದ ತುದಿಯಿಂದ ಗಾಳಿ ಬೀಸಿಕೊಂಡಳು.

ಅದನ್ನು ವಾಸಣ್ಣನಿಗೆ ಹೇಳಲೆಂದೇ ಆ ಸಂಜೆ ಗೋರೆಗಾಂವ್‌ನಲ್ಲಿ ಇಳಿದೆ.