ಜೋಡಿಸದೆ ಉಳಿದ ಬ್ರೇಕಿನ ವೈರು

ಕಳಸದ ಹತ್ತಿರ ಹೊಳೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲೆಂದು ನನ್ನ ತಮ್ಮ ಹಳೆಯ ದೋಣಿಯೊಂದನ್ನು, ಅದನ್ನು ಸಾಗಿಸುವ ಟ್ರೈಲರಿನ ಸಮೇತ ಕೊಂಡಿದ್ದ. ಟ್ರೈಲರಿನ ವೈರನ್ನೆಲ್ಲ ಇಲಿ ಕಡಿದಿತ್ತು. ನಮ್ಮ ಯಜಮಾನರು ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜನರೇಟರ್ ನೋಡಿಕೊಳ್ಳುವವರು. "ನಮ್ಮ ಅಂಗಳಕ್ಕೆ ತಂದು ನಿಲ್ಸು ಮಾರಾಯ, ಹೊಸ ವೈರು ಎಳೆದು ಕೊಡ್ತೀನಿ" ಎಂದರು.

ನಾಲ್ಕು ದಿನ ಅದರ ಅಡಿಯಲ್ಲೇ ಮಲಗಿ ಕೆಲಸ ಮಾಡಿದರು. ದೀಪಗಳೆಲ್ಲ ಹತ್ತಿದವು. ಉಳಿದದ್ದು ಬ್ರೇಕು. ಟ್ರೈಲರನ್ನು ಎಳೆಯುವ ತಮ್ಮನ ಜೀಪಿನಲ್ಲಿ ಬ್ರೇಕ್ ಒತ್ತಿದರೆ ವೈರಿನಲ್ಲಿ ಕರೆಂಟ್ ಹೋಗಿ ಟ್ರೈಲರಿನ ಚಕ್ರವೂ ಹಿಡಿಯಬೇಕಂತೆ. ಅದನ್ನು ಜೋಡಿಸುವ ಮೊದಲೇ ಆಯುಧಪೂಜೆ ಬಂತು. ಅವರ ಸ್ಪ್ಯಾನರು, ಕಟಿಂಗ್ ಪ್ಲೇಯರು, ಟೆಸ್ಟರು ಎಲ್ಲವನ್ನೂ ನಾನೇ ತೊಳೆದು ಕುಂಕುಮ ಹಚ್ಚಿ ದೇವರ ಮುಂದಿಟ್ಟೆ. ಹೋಳಿಗೆ ಊಟವಾದ ಮೇಲೆ ಅವರ ಕೈ ಪ್ಲೇಯರಿನ ಕಡೆ ಹೋಯಿತು.

"ಒಂದು ವೈರು ಮಾರಾಯ್ತಿ, ಅರ್ಧ ಗಂಟೆ ಕೆಲ್ಸ."

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ. ನಾಳೆ ನೈವೇದ್ಯ ಮಾಡಿ ತೆಗೆದುಕೊಡ್ತೀನಿ."

"ನಿನ್ನ ದೇವ್ರಿಗೆ ಘಾಟಿ ಇಳಿದು ಅಭ್ಯಾಸ ಇಲ್ಲ ಅಂತ ಕಾಣತ್ತೆ" ಎಂದು ನಕ್ಕು ಕೈ ಹಿಂದಕ್ಕೆಳೆದುಕೊಂಡರು.

ಅಷ್ಟಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಪದ್ಧತಿ ಪದ್ಧತಿಯೇ. ತಪ್ಪಿದ್ದು ಮರುದಿನ ಬೆಳಿಗ್ಗೆ.

ಪಂಪು ಕೆಟ್ಟಿದೆಯೆಂದು ಎಸ್ಟೇಟಿನಿಂದ ಕರೆ ಬಂದು ಇವರು ಬೇಗ ಹೊರಟರು. "ಅವ್ನು ಬಂದ್ರೆ ಬ್ರೇಕ್ ಆಗಿಲ್ಲ ಅಂತ ಹೇಳು. ಮಧ್ಯಾಹ್ನ ಬಂದು ಮಾಡ್ತೀನಿ" ಎಂದಿದ್ದರು. ಅವರು ಹೋದದ್ದೇ ತಮ್ಮ ಬಂದ. "ಅಕ್ಕ, ಎಲ್ಲ ಆಯ್ತಾ? ಮೊದಲ್ನೇ ಗಿರಾಕಿಗಳು ಹೊಳೆ ಹತ್ರ ಕಾಯ್ತಿದಾರೆ."

ಇಲ್ಲವೆಂದರೆ ಯಾಕೆಂದು ಹೇಳಬೇಕು. ನಿನ್ನ ಪೂಜೆಯಿಂದ ನನ್ನ ಮೊದಲ ದಿನವೇ ಕೆಟ್ಟಿತು ಅನ್ನುತ್ತಾನೆ. "ಲೈಟೆಲ್ಲ ಹತ್ತುತ್ತೆ, ನಿಧಾನ ಹೋಗು" ಎಂದುಬಿಟ್ಟೆ. ಚಕ್ರಕ್ಕೆ ನಿಂಬೆಹಣ್ಣನ್ನೂ ಇಟ್ಟು ಕಳಿಸಿದೆ.

ಹೊಳೆಗೆ ಇಳಿಯುವ ತಿರುವಿನಲ್ಲಿ ಟ್ರೈಲರು ಹಿಂದಿನಿಂದ ಜೀಪನ್ನು ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿಸಿತು. ಎದುರಿಗೆ ಬಸ್ಸು ಬರಲಿಲ್ಲ. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ. ತಮ್ಮನ ಜೀವ ಉಳಿಯಿತು. ಇದಕ್ಕೆಲ್ಲ ದಿನವೂ ದೇವರಿಗೆ ಕೈ ಮುಗಿಯುತ್ತೇನೆ. ಆದರೆ ಅವನ ಬಲಮೊಣಕಾಲು ಇಂದಿಗೂ ಮಡಚುವುದಿಲ್ಲ.

ಆಸ್ಪತ್ರೆಯಲ್ಲಿ ಅವನು ಕೇಳಿದ, "ಭಾವ, ಬ್ರೇಕ್ ಜೋಡ್ಸಿರ್ಲಿಲ್ವಾ?"

ಇವರು ನನ್ನ ಮುಖ ನೋಡಿದರು. ಗಂಜಿಯ ಫ್ಲಾಸ್ಕ್ ಹಿಡಿದು ನಾನು ನೆಲ ನೋಡುತ್ತಿದ್ದೆ. "ಮರ್ತೇಬಿಟ್ಟೆ ಮಾರಾಯ" ಎಂದರು.

ಒಂದು ವರ್ಷ ತಮ್ಮ ಅವರೊಡನೆ ಮಾತಾಡಲಿಲ್ಲ. ನೆಂಟರ ಮದುವೆಯೊಂದರಲ್ಲಿ, "ಭಾವನ ಕೈಗೆ ಸೈಕಲ್ ಬೆಲ್ಲೂ ರಿಪೇರಿಗೆ ಕೊಡಬೇಡಿ" ಎಂದ. ಪಂಕ್ತಿಯಲ್ಲಿ ಕೂತವರು ನಕ್ಕರು. ಇವರೂ ನಕ್ಕು ಇನ್ನೊಂದಿಷ್ಟು ಸಾರು ಹಾಕಿಸಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ತಮ್ಮ ಕಾಫಿ ಕುಡಿಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಲೋಟ ಕೆಳಗಿಟ್ಟ.

"ಒಂದು ಮಾತು ಹೇಳಿದ್ರೆ ಕಾಯ್ತಿದ್ನಲ್ಲ ಅಕ್ಕ." ಎದ್ದು ನಿಂತು, "ಭಾವ ಎಲ್ಲಿದಾರೆ?"

ಕಾಲೆಳೆದುಕೊಂಡು ಪಲ್ಪರ್ ಮನೆಯವರೆಗೂ ನಡೆದುಹೋದ. ಈಗ ಬಂದರೆ ಭಾವನನ್ನೇ ಮೊದಲು ಕೇಳುತ್ತಾನೆ. ಇಬ್ಬರೂ ಜಗಲಿಯಲ್ಲಿ ಕೂತು ಹರಟುತ್ತಾರೆ. ನಾನು ಕಾಫಿ ಕೊಟ್ಟಾಗ ಮಾತ್ರ ತಮ್ಮ ತಲೆ ಎತ್ತದೆ ತೆಗೆದುಕೊಳ್ಳುತ್ತಾನೆ. ಕುಡಿಯುತ್ತಾನಲ್ಲ, ಅಷ್ಟು ಸಾಕು.