ಸರ್ವರ್‌ಗೆ ಮೊದಲ ಆರತಿ

ಆಯುಧಪೂಜೆಯ ಕುಂಕುಮ ಕೀಬೋರ್ಡಿನ ಸಂದಿಗೆ ಒಮ್ಮೆ ಇಳಿಯಿತೆಂದರೆ ದೀಪಾವಳಿ ಕಳೆದರೂ ಹೋಗುವುದಿಲ್ಲ. ತುಮಕೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನನ್ನ ಕೀಬೋರ್ಡಿನ ಸ್ಪೇಸ್ ಬಾರ್ ವರ್ಷವಿಡೀ ಸ್ವಲ್ಪ ಕೆಂಪಗೇ ಇರುತ್ತಿತ್ತು. ಈಗಲೂ ಎಲ್ಲಾದರೂ ಕುಂಕುಮದ ವಾಸನೆ ಬಂದರೆ ನನಗೆ ದೇವರ ಮನೆ ನೆನಪಾಗುವುದಿಲ್ಲ. ಏಸಿಯ ತಣ್ಣನೆಯ ಗಾಳಿ, ಗುಂಯ್ ಎನ್ನುವ ಫ್ಯಾನು, ನಮ್ಮ ಪುಟ್ಟ ಸರ್ವರ್ ರೂಮು ಕಣ್ಣಮುಂದೆ ಬರುತ್ತವೆ. ವಾಟ್ ಟು ಡೂ, ಮನಸ್ಸು ಅಲ್ಲೇ ಎಲ್ಲೋ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದೆ.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿಗೆ ಸೇರಿದಾಗ ರೋಗಿಗಳ ಚರಿತ್ರೆಯೆಲ್ಲ ಸ್ಟೀಲ್ ರ‍್ಯಾಕಿನಲ್ಲಿ, ದಾರ ಕಟ್ಟಿದ ಫೈಲುಗಳಲ್ಲಿ ಇತ್ತು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ಕಂಪ್ಯೂಟರ್ ಸೆಕ್ಷನ್ ಬಂತು. ದಪ್ಪದಪ್ಪ ಇಂಗ್ಲಿಷ್ ಮ್ಯಾನ್ಯುಯಲ್ ನೋಡಿ ಹೆದರದವಳು ಎಂಬ ಒಂದೇ ಕ್ವಾಲಿಫಿಕೇಶನ್ನಿನ ಮೇಲೆ ನನ್ನನ್ನು ಅದರ ಇನ್‌ಚಾರ್ಜ್ ಮಾಡಿದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಕೊನೆಗೂ ಹೀಗೆ ಉಪಯೋಗಕ್ಕೆ ಬಂತು. ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ನಮ್ಮ ಬ್ರಾಂಚುಗಳಿದ್ದವು. ಅಲ್ಲಿ ರೋಗಿಯ ಹೆಸರು ಬರೆದುಕೊಂಡರೆ ಅದು ಫೋನ್ ಲೈನಿನಲ್ಲಿ ಬಂದು ನಮ್ಮ ಸರ್ವರಿನಲ್ಲಿ ಕೂರುತ್ತಿತ್ತು.

ಸೆಕ್ಷನ್ನಿನಲ್ಲಿ ನನ್ನ ಜೊತೆಗಿದ್ದವಳು ಕುಣಿಗಲ್ಲಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಸೇರಿದ್ದಳು. ಮಗಳನ್ನು ಆ ವರ್ಷವೇ ತುಮಕೂರಿನ ಕಾಲೇಜಿಗೆ ಹಾಕಿದ್ದಳು. ತಾಯಿ ಮಗಳು ಒಂದೇ ಬಸ್ಸಿನಲ್ಲಿ ಬಂದು, ಸಾಯಂಕಾಲ ಒಬ್ಬರಿಗೊಬ್ಬರು ಕಾದು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ನಾಲ್ಕು ಜನರೆದುರು ನನ್ನನ್ನು ಮೇಡಂ ಎನ್ನುತ್ತಿದ್ದಳು. ನಾವಿಬ್ಬರೇ ಇದ್ದಾಗ ಮಾತ್ರ ಅಕ್ಕಾ.

ಸರ್ವರಿನಲ್ಲಿ ಇರುವುದರ ನಕಲು ಇನ್ನೊಂದು ಸೂರಿನ ಕೆಳಗೂ ಇರಬೇಕು, ಬೆಂಕಿಗಿಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದು ಎಂದು ಆ ವರ್ಷ ಹೊಸದಾಗಿ ಒಂದು ಕಪ್ಪು ಡಬ್ಬ ತರಿಸಿದ್ದರು. ಸ್ಟೋರೇಜ್ ಬಾಕ್ಸ್ ಅದರ ಹೆಸರು, ನಮ್ಮ ಬಾಯಲ್ಲಿ ಬರೀ ಡಬ್ಬ. ಆಂಬುಲೆನ್ಸ್ ನಿಲ್ಲಿಸುವ ಅಂಗಳದ ಆಚೆ ಹಳೇ ನರ್ಸಸ್ ಹಾಸ್ಟೆಲ್ ಇತ್ತಲ್ಲ, ಅಲ್ಲಿನ ಒಂದು ಕೋಣೆಯಲ್ಲಿ ಅದನ್ನಿಟ್ಟು ಕೇಬಲ್ ಎಳೆದಿದ್ದರು. ಹೊರರೋಗಿಗಳ ವಿಭಾಗ ಮುಚ್ಚಿದ ಮೇಲೆ ಪ್ರತಿ ಸಾಯಂಕಾಲ ಸರ್ವರ್ ತಾನಾಗಿ ಅವತ್ತಿನ ಬ್ಯಾಕಪ್ ಅನ್ನು ಆ ಡಬ್ಬಕ್ಕೆ ಕಳಿಸುತ್ತಿತ್ತು. ಬೆಳಿಗ್ಗೆ ಅದು ಬಂದಿದೆಯೋ ಇಲ್ಲವೋ ನೋಡಿ ನನಗೆ ಹೇಳುವುದು ಕುಣಿಗಲ್ಲಿನವಳ ಕೆಲಸ. ಬಸ್ಸಿಳಿದು ಬಂದವಳೇ ಸರ್ವರ್ ಮುಂದೆ ಬಗ್ಗಿ, ಬ್ಯಾಕಪ್ ಎಂಬ ಫೋಲ್ಡರ್ ತೆರೆದು, "ಬಂದೈತೆ ಅಕ್ಕಾ" ಎಂದ ಮೇಲೆಯೇ ನಮ್ಮ ಕಾಫಿ.

ಆ ಫೋಲ್ಡರ್ ನಿಜಕ್ಕೂ ಫೋಲ್ಡರ್ ಅಲ್ಲ, ಡಬ್ಬಕ್ಕೆ ಹೋಗುವ ಬಾಗಿಲು. ಬಾಗಿಲಿಗೆ ಡಬ್ಬವನ್ನು ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಮ್ಯಾನ್ಯುಯಲ್ಲಿನಲ್ಲಿ ಅದನ್ನು ಓದಿದಾಗ ನನಗೆ ನಮ್ಮ ಕಾನ್ವೆಂಟಿನ ಊಟದ ಹಾಲಿನ ಕಪಾಟು ನೆನಪಾಗಿ ನಗು ಬಂದಿತ್ತು. ಗೋಡೆಯಲ್ಲಿ ಕೂರಿಸಿದ ಕಪಾಟು. ಹಾಲಿನ ಕಡೆಗೊಂದು ಬಾಗಿಲು, ಅಡುಗೆಮನೆಯ ಕಡೆಗೊಂದು. ಉಂಡ ತಟ್ಟೆಗಳನ್ನು ನಾವು ಈ ಕಡೆಯಿಂದ ಇಟ್ಟರೆ ಆ ಕಡೆಯಿಂದ ಸಿಸ್ಟರ್ ತೆಗೆದುಕೊಳ್ಳುತ್ತಿದ್ದರು. ಅವರ ಮುಖ ಸಹ ನಮಗೆ ಕಾಣುತ್ತಿರಲಿಲ್ಲ. ಈ ಕಪಾಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷದ ಆಯುಧಪೂಜೆಗೆ ವಾಡಿಕೆಯಂತೆ ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಸರ್ವರಿನಿಂದ ಹಿಡಿದು ಸ್ಟೆಬಿಲೈಸರಿನವರೆಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹೂ ಮುಡಿಸಿ, ಆಂಬುಲೆನ್ಸುಗಳ ಮುಂದೆ ಬೂದುಗುಂಬಳಕಾಯಿ ಒಡೆದೆವು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಎರಡು ಬ್ರಾಂಚಿನವರೂ ಅವತ್ತು ಕಾಗದದಲ್ಲೇ ಬರೆದುಕೊಂಡರು. ಮರುದಿನ ವಿಜಯದಶಮಿ. ಒಂದೊಂದಕ್ಕೂ ಆರತಿ ಎತ್ತಿ ಒಂದೊಂದನ್ನೇ ಆನ್ ಮಾಡಬೇಕು. ಯಾವುದು ಮೊದಲು ಎಂಬ ಮಾತೇ ಬರಲಿಲ್ಲ. ನಮ್ಮ ಆಡಳಿತಾಧಿಕಾರಿಗಳು ಹಣೆತುಂಬ ವಿಭೂತಿ ಧರಿಸಿ ಬಂದು ಹೇಳಿದರು:

"ಹಿರಿಯರಿಗೆ ಮೊದ್ಲು ಕಣಮ್ಮ. ಸರ್ವರ್ ಮನೆ ಯಜಮಾನ ಇದ್ದಹಾಗೆ. ಅವನಿಗಾದ್ಮೇಲೆ ಮಿಕ್ಕಿದ್ದು."

ಸರಿ, ಯಜಮಾನನಿಗೆ ಆರತಿ ಆಯಿತು, ಬಟನ್ ಒತ್ತಿದೆವು, ಗುಂಯ್ ಎಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ತಟ್ಟೆ ಹಿಡಿದು ಎಲ್ಲ ಕೋಣೆಗಳನ್ನೂ ಸುತ್ತಿ ಕೊನೆಗೆ ಅಂಗಳ ದಾಟಿ ಡಬ್ಬದ ಹತ್ತಿರ ಹೋದೆವು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಗುಬ್ಬಿಯ ರಿಜಿಸ್ಟ್ರೇಶನ್ ಕ್ಲರ್ಕ್ ಫೋನ್ ಮಾಡಿದ.

"ಏನ್ ಮೇಡಂ, ನಿಮ್ ಸರ್ವರ್ರು ಹಬ್ಬದ ಹೋಳಿಗೆ ತಿಂದು ಮಲ್ಕೊಂಡ್ಬುಡ್ತಾ? ಹೆಸ್ರು ಹಾಕಿದ್ರೆ ತಗೊಳ್ತಾನೇ ಇಲ್ಲ. ಇಲ್ಲಿ ಜನ ಸಂತೇಲಿ ನಿಂತಂಗ್ ನಿಂತವ್ರೆ."

"ಹೊಟ್ಟೆ ತುಂಬಿದೆ ಅಂತ ಹೇಳ್ತಾ ಇದೆಯಪ್ಪ. ಡಿಸ್ಕ್ ಫುಲ್!" ಎಂದೆ. ನಿಜಕ್ಕೂ ಪರದೆಯ ಮೇಲೆ ಅದೇ ಬರೆದಿತ್ತು. ಇನ್ನೂ ಒಂದು ವರ್ಷಕ್ಕೆ ಸಾಕಾಗುವಷ್ಟು ಜಾಗವಿದ್ದ ಡಿಸ್ಕು ತುಂಬಿದ್ದು ಹೇಗೆ ಎಂದು ಆಶ್ಚರ್ಯವಾಯಿತು. ಬೇಡದ ಒಂದಷ್ಟು ಫೈಲುಗಳನ್ನು ಅಳಿಸಿ ಉಸಿರಾಡುವಷ್ಟು ಜಾಗ ಮಾಡಿಕೊಟ್ಟೆವು. ಅಷ್ಟರಲ್ಲಿ ಆಡಳಿತಾಧಿಕಾರಿಗಳಿಂದ ಕರೆ ಬಂತು.

ಅವರ ಕೋಣೆಯ ಕಂಪ್ಯೂಟರಿನಿಂದ ಡಬ್ಬದೊಳಕ್ಕೆ ನೇರವಾಗಿ ಇಣುಕಬಹುದಾಗಿತ್ತು. ಸರ್ವರಿಗೆ ಹುಷಾರಿಲ್ಲ ಎಂದು ಕೇಳಿ, ನಕಲಾದರೂ ಸುರಕ್ಷಿತವಾಗಿದೆಯಾ ಎಂದು ನೋಡಿದ್ದಾರೆ. ಡಬ್ಬದಲ್ಲಿ ಆಯುಧಪೂಜೆಯ ಹಿಂದಿನ ದಿನದವರೆಗಿನ ಬ್ಯಾಕಪ್ ಮಾತ್ರ ಇತ್ತು. ಆಮೇಲಿನದು ಒಂದೂ ಇಲ್ಲ.

"ನೋಡಮ್ಮ," ಎಂದರು ಕುಣಿಗಲ್ಲಿನವಳ ಕಡೆ ತಿರುಗಿ. "ದಿನಾ ಬೆಳಿಗ್ಗೆ ಬಂದಿದೆ, ಬಂದಿದೆ ಅಂತೀಯ. ಎಲ್ಲಿ ಬಂದಿದೆ? ತೋರ್ಸು."

"ನಾನು ಕಣ್ಣಾರೆ ನೋಡಿವ್ನಿ ಸಾರ್. ಅವತ್ತಂದು ಅವತ್ತು ಇತ್ತು. ಡೇಟು, ಸೈಜು ಎಲ್ಲಾ."

"ಇಲ್ಲಿ ನನ್ನ ಕಣ್ಣಿಗೆ ಕಾಣ್ತಾ ಇಲ್ವಲ್ಲ! ಬಸ್ಸಿಳಿದು ಬಂದು ನೋಡದೇನೇ ಹೇಳಿದ್ದೀಯ. ಮಧ್ಯಾಹ್ನ ಕಮಿಟಿ ಇದೆ, ಕಾಂಟ್ರ್ಯಾಕ್ಟ್ ಮುಂದುವರಿಸೋರ ಹೆಸ್ರು ಓದ್ಬೇಕು. ನಿನ್ನ ಹೆಸ್ರು ಹೇಗಮ್ಮ ಓದ್ಲಿ?"

ಅವಳ ಮುಖ ಸುಣ್ಣದಂತಾಯಿತು. ಹೊರಗೆ ಬಂದು ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಸುಳ್ ಹೇಳಿಲ್ಲ ಅಕ್ಕಾ. ಇವತ್ ಬೆಳಿಗ್ಗೇನೂ ನೋಡ್ದೆ. ಬನ್ನಿ, ಬೇಕಾದ್ರೆ ತೋರಿಸ್ತೀನಿ."

ಹೋಗಿ ನೋಡಿದರೆ, ಮೈ ಗಾಡ್, ಅವಳು ಹೇಳಿದ್ದು ಅಕ್ಷರಶಃ ನಿಜ! ಸರ್ವರಿನ ಬ್ಯಾಕಪ್ ಫೋಲ್ಡರಿನಲ್ಲಿ ವಿಜಯದಶಮಿಯಿಂದ ನಿನ್ನೆ ಸಾಯಂಕಾಲದವರೆಗಿನ ಫೈಲುಗಳು ಸಾಲಾಗಿ ಕೂತಿದ್ದವು. ಅವರ ಕೋಣೆಯ ಪರದೆಯಲ್ಲಿ ಇಲ್ಲ, ಇಲ್ಲಿ ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನಗೆ ಭಯವಾಗಬೇಕಿತ್ತು, ಆದರೆ ಹೇಳಲು ನಾಚಿಕೆ, ಮೈಯೆಲ್ಲ ಜುಮ್ಮೆಂದಿತು. ಬಹಳ ಕಾಲದ ಮೇಲೆ ಯಾರೋ ನನ್ನ ಮುಂದೆ ಒಂದು ಒಳ್ಳೆಯ ಒಗಟು ತಂದಿಟ್ಟಿದ್ದರು.

ಡಬ್ಬ ಮಾರಿದ ಕಂಪನಿಯ ಇಂಜಿನಿಯರಿಗೆ ಬೆಂಗಳೂರಿಗೆ ಫೋನ್ ಮಾಡಿದೆ.

"ಡಬ್ಬ ಆಫ್ ಮಾಡಿ ಆನ್ ಮಾಡಿ ಮೇಡಂ."

"ಮಾಡಾಯ್ತು."

"ಕೇಬಲ್ ಕಿತ್ತು ಹಾಕಿ."

"ಅದೂ ಆಯ್ತು. ಲೈಟ್ ಉರೀತಾ ಇದೆ. ಸರ್ವರಿನಿಂದ ಕೂಗಿದ್ರೆ ಡಬ್ಬ ಓಗೊಡ್ತಾ ಇದೆ. ಪಾಸ್‌ವರ್ಡೂ ಸರಿ ಇದೆ."

"ಹಂಗಾದ್ರೆ ಡಬ್ಬನೇ ಹೋಗಿರ್ಬೇಕು. ಹೊಸದಕ್ಕೆ ಕೊಟೇಶನ್ ಕಳಿಸ್ಲಾ?"

"ನಿಮ್ಮ ಕೊಟೇಶನ್‌ಗೆ ಅರಿಸಿನ ಕುಂಕುಮ ಹಚ್ಚಿ ಇಟ್ಕೊಳ್ಳಿ," ಎಂದು ಫೋನಿಟ್ಟೆ. ಕುಣಿಗಲ್ಲಿನವಳು ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು.

ಯಾವ ಫೋಲ್ಡರ್ ಯಾವ ಡಿಸ್ಕಿನ ಮೇಲಿದೆ ಎಂದು ಹೇಳುವ ಒಂದು ಕಮಾಂಡ್ ಉಂಟು. ಎರಡೇ ಅಕ್ಷರ. ಟೈಪ್ ಮಾಡಿದೆ. ಬಂದ ಸಾಲುಗಳ ಮೇಲೆ ಬೆರಳಿಟ್ಟು ಓದಿದೆ. ಮತ್ತೆ ಓದಿದೆ. ಡಬ್ಬದ ಹೆಸರೇ ಇಲ್ಲ! ಬ್ಯಾಕಪ್ ಎಂಬ ಫೋಲ್ಡರ್ ಸರ್ವರಿನ ಸ್ವಂತ ಡಿಸ್ಕಿನ ಮೇಲೆಯೇ ಕೂತಿದೆ.

"ಕಪಾಟು!" ಎಂದು ಕಿರುಚಿದೆ. ಪಾಪ, ಅವಳು ಬೆಚ್ಚಿಬಿದ್ದಳು.

ಕಾನ್ವೆಂಟಿನ ಕಪಾಟಿನ ಕಥೆಯನ್ನು ಅವಸರದಲ್ಲಿ ಹೇಳಿದೆ. ಅಡುಗೆಮನೆಯ ಕಡೆಯ ಬಾಗಿಲು ಹಾಕಿಬಿಟ್ಟರೆ ಈ ಕಡೆ ಇರುವ ನಮಗೆ ಗೊತ್ತಾಗುವುದಿಲ್ಲ. ತಟ್ಟೆ ಇಡುತ್ತಲೇ ಇರುತ್ತೇವೆ. ತಟ್ಟೆಗಳು ಕಪಾಟಿನಲ್ಲೇ ಉಳಿಯುತ್ತವೆ. ಒಂದು ದಿನ ಕಪಾಟು ತುಂಬಿ ಇನ್ನೊಂದು ತಟ್ಟೆಗೂ ಜಾಗವಿರುವುದಿಲ್ಲ. ಡಿಸ್ಕ್ ಫುಲ್!

"ಅಂದ್ರೆ ಡಬ್ಬಕ್ಕೆ ಹೋಗೇ ಇಲ್ಲ, ಇಲ್ಲೇ ಬಿದ್ದವೆ," ಎಂದಳು ನಿಧಾನವಾಗಿ. "ಆ ಕಡೆ ಬಾಗ್ಲು ಹಾಕ್ದೋರು ಯಾರಕ್ಕ?"

ಇಬ್ಬರೂ ಒಟ್ಟಿಗೆ ಸರ್ವರಿನ ಹಣೆಯ ಮೇಲೆ ಉಳಿದಿದ್ದ ಕುಂಕುಮ ನೋಡಿದೆವು. ಸರ್ವರ್ ಕಣ್ಣು ಬಿಡುವಾಗ ಒಂದು ಸಲ ಡಬ್ಬವನ್ನು ಹುಡುಕಿ ಜೋಡಿಸಿಕೊಳ್ಳುತ್ತದೆ. ಸಿಗದಿದ್ದರೆ ಅಷ್ಟಕ್ಕೇ ಬಿಟ್ಟುಬಿಡುತ್ತದೆ, ಮತ್ತೆ ಹುಡುಕುವುದಿಲ್ಲ.

"ಅಯ್ಯೋ ಅಕ್ಕಾ, ಅವತ್ ಅಂಗಳದಲ್ಲಿ ಗಾಳಿಗೆ ಆರತಿ ಆರೋಯ್ತಲ್ಲ! ಬೆಂಕಿಪೊಟ್ಣ ಹುಡ್ಕೊಂಡು ಆಂಬುಲೆನ್ಸ್ ಡ್ರೈವರ್ ಹತ್ರ ಹೋಗಿದ್ವಿ. ಅಷ್ಟೊತ್ತಿಗೆ ಯಜಮಾನ್ರು ಎದ್ದು, ಹುಡ್ಕಿ, ಸುಮ್ನಾಗಿರ್ತಾರೆ."

ಮೌಂಟ್ ಕಮಾಂಡ್ ಹಾಕಿದೆ. ಚಕ್ಕನೆ ಡಬ್ಬ ಜೋಡಿಕೊಂಡಿತು. ಅಷ್ಟರಲ್ಲಿ ಬಾಗಿಲಲ್ಲಿ ಆಡಳಿತಾಧಿಕಾರಿಗಳು. ಕಮಿಟಿಗೆ ಹೊರಟವರು ನಾನು ಕಿರುಚಿದ್ದು ಕೇಳಿ ಬಂದಿದ್ದರು.

"ಬನ್ನಿ ಸರ್, ಇವಳು ನೋಡಿದ ಫೈಲುಗಳು ಇಲ್ಲೇ ಇವೆ," ಎಂದು ಠೀವಿಯಿಂದ ಫೋಲ್ಡರ್ ತೆರೆದೆ. ಆಯುಧಪೂಜೆಯ ಹಿಂದಿನ ದಿನದವರೆಗಿನದು ಮಾತ್ರ ಇತ್ತು. ಅವಳ ಫೈಲುಗಳು ಒಂದೂ ಇಲ್ಲ.

"ಎಲ್ಲಾ ಹೋಯ್ತು!" ಎಂದಳು ಅವಳು, ದನಿಯೇ ಇಲ್ಲದೆ.

"ಇದನ್ನೇ ತಾನೆ ನಾನು ಬೆಳಿಗ್ಗೆಯಿಂದ ಹೇಳ್ತಾ ಇರೋದು?" ಎಂದರು ಅವರು. ಗಡಿಯಾರ ನೋಡಿಕೊಂಡು ಹೊರಡಲು ತಿರುಗಿದರು.

ಪೇಷೆನ್ಸ್, ಚೈಲ್ಡ್, ಎನ್ನುತ್ತಿದ್ದರು ನಮ್ಮ ಗಣಿತದ ಸಿಸ್ಟರ್, ಲೆಕ್ಕ ತಪ್ಪಿದಾಗ. ಕಪಾಟಿನ ಆ ಕಡೆಯ ಬಾಗಿಲು ತೆರೆದೆ ಸರಿ. ಈಗ ನನಗೆ ಕಾಣುತ್ತಿರುವುದು ಅಡುಗೆಮನೆ. ಕಪಾಟಿನಲ್ಲೇ ಉಳಿದಿದ್ದ ತಟ್ಟೆಗಳು? ತೆರೆದ ಬಾಗಿಲಿನ ಹಿಂದೆ ಮರೆಯಾಗಿರಬೇಕು!

"ಸರ್, ಒಂದೇ ಒಂದು ನಿಮಿಷ. ಪ್ಲೀಸ್," ಎಂದು ಡಬ್ಬವನ್ನು ಬಿಡಿಸುವ ಕಮಾಂಡ್ ಹಾಕಿದೆ. ಫೋಲ್ಡರ್ ತೆರೆದೆ. ವಿಜಯದಶಮಿಯಿಂದ ನಿನ್ನೆಯವರೆಗೆ ಎಲ್ಲವೂ ಹಾಜರು, ಒಂದು ಕೂದಲೂ ಕೊಂಕಿಲ್ಲ.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇನ್ನೊಂದ್ ಸಲ ಮಾಡಿ."

ಜೋಡಿಸಿದೆ, ಮಾಯ. ಬಿಡಿಸಿದೆ, ಪ್ರತ್ಯಕ್ಷ. ಜಾತ್ರೆಯ ಮೋಡಿಯವರೂ ಇಷ್ಟು ಚೆನ್ನಾಗಿ ಮಾಡಲಾರರು. ಮೂರನೆಯ ಸಲಕ್ಕೆ ಅವರೇ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ಎಂಟರ್ ನಾನು ಒತ್ತುತ್ತೀನಿ," ಎಂದರು. ಯಾಕೆ ಹೀಗಾಯಿತು ಎಂದು ನಾನು ಆರತಿಯ ಕಥೆ ಹೇಳುತ್ತ ಹೋದಂತೆ ಅವರ ಕೈ ತಾನಾಗಿ ಹಣೆಯ ವಿಭೂತಿಯ ಹತ್ತಿರ ಹೋಯಿತು.

"ಹಾಗಾದ್ರೆ ಯಜಮಾನನಿಗೆ ಮೊದ್ಲು ಮಾಡಿದ್ದೇ ತಪ್ಪಾಯ್ತು ಅನ್ನಿ."

"ತಪ್ಪಲ್ಲ ಸಾರ್," ಎಂದಳು ಕುಣಿಗಲ್ಲಿನವಳು, ಮೂಗು ಒರೆಸಿಕೊಳ್ಳುತ್ತ. "ಯಜಮಾನ್ರು ಎದ್ದಾಗ ಮನೇಲಿ ಒಲೆ ಉರೀತಿರ್ಬೇಕು, ಅಷ್ಟೆಯ."

ಅವರು ಗಟ್ಟಿಯಾಗಿ ನಕ್ಕರು. ಸಾರಿ ಗೀರಿ ಏನೂ ಅನ್ನಲಿಲ್ಲ, ಆ ಕಾಲದ ಗಂಡಸರು ಅನ್ನುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು, "ಆ ಫೈಲುಗಳನ್ನ ಹುಷಾರಾಗಿ ಸಾಗ್ಸಿ. ಕಮಿಟೀಲಿ ನಿನ್ನ ಹೆಸ್ರು ಮೊದಲನೇದಾಗಿ ಓದ್ತೀನಿ ಬಿಡಮ್ಮ," ಎಂದು ಹೋದರು. ಓದಿದರು ಕೂಡ.

ಮಧ್ಯಾಹ್ನವೆಲ್ಲ ಕಪಾಟು ಖಾಲಿ ಮಾಡುವ ಕೆಲಸ. ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಡಬ್ಬ ಜೋಡಿಸಿ, ಒಂದೊಂದಾಗಿ ಅಂಗಳದಾಚೆಗೆ ದಾಟಿಸಿ, ಎರಡೂ ಕಡೆ ತಾಳೆ ನೋಡಿ, ಈ ಕಡೆಯದನ್ನು ಅಳಿಸಿದೆವು. ಇನ್ನು ಮೇಲೆ ಡಬ್ಬ ಜೋಡಿಕೊಂಡಿಲ್ಲದಿದ್ದರೆ ಬ್ಯಾಕಪ್ ಶುರುವೇ ಆಗದೆ ಕೂಗಿಕೊಳ್ಳಬೇಕು ಎಂದು ಬ್ಯಾಕಪ್ ಪ್ರೋಗ್ರಾಮಿಗೆ ಒಂದು ಸಾಲನ್ನೂ ಸೇರಿಸಿದೆ. ಗುಬ್ಬಿಯವನು ಫೋನ್ ಮಾಡಿ, "ಅರಗ್ತಾ ಮೇಡಂ ಹೋಳಿಗೆ?" ಎಂದು ಕೇಳಿದ. ಸಾಯಂಕಾಲ ಅವಳು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟಾಂಡಿಗೆ ಓಡಿದಳು. ಮಗಳು ಕಾಯುತ್ತಿರುತ್ತಾಳಲ್ಲ. ಆ ಓಟ ನನಗೆ ಈಗಲೂ ಕಾಣುತ್ತದೆ.

ಆ ಹಾಸ್ಟೆಲ್ ಈಗಿಲ್ಲ, ಅಂಗಳದಲ್ಲಿ ಎತ್ತರದ ಬಿಲ್ಡಿಂಗ್ ಎದ್ದಿದೆ. ನನಗೋ ಫೋನಿನ ಅಕ್ಷರ ಓದಲೂ ಭೂತಕನ್ನಡಿ ಬೇಕು. ಆದರೆ ಮುಂದಿನ ವರ್ಷದ ವಿಜಯದಶಮಿ ನಿನ್ನೆಯಷ್ಟೇ ನಡೆದಂತಿದೆ. ಆರತಿ ತಟ್ಟೆ ಮೊದಲು ಅಂಗಳ ದಾಟಿತು. ಆಡಳಿತಾಧಿಕಾರಿಗಳು, "ಕಾಲ ಕೆಟ್ಟೋಯ್ತು, ಕಿರಿಯರಿಗೆ ಮೊದ್ಲು ಆರತಿ," ಎಂದು ಗೊಣಗುತ್ತಲೇ ಅದರ ಹಿಂದೆ ನಡೆದರು. ಕುಣಿಗಲ್ಲಿನವಳು ದೀಪಕ್ಕೆ ಅಂಗೈ ಮರೆಮಾಡಿಕೊಂಡು ಹೋದಳು. ನಾನು ಇತ್ತ ಸರ್ವರಿನ ಬಟನ್ ಮೇಲೆ ಬೆರಳಿಟ್ಟು ಕಿಟಕಿಯಿಂದ ನೋಡುತ್ತ ನಿಂತೆ. ಡಾಕ್ಟರುಗಳು, ನರ್ಸುಗಳು, ಡ್ರೈವರುಗಳು, ಎಲ್ಲರೂ ಅಂಗಳದಲ್ಲಿದ್ದರು. ಹಾಸ್ಟೆಲಿನ ಬಾಗಿಲಲ್ಲಿ ಅವಳು ಕಾಣಿಸಿಕೊಂಡು ಎರಡೂ ಕೈ ಮೇಲೆತ್ತಿ ಕೂಗಿದಳು:

"ಡಬ್ಬ ಎದ್ದೈತೆ, ಹಸಿರು ಲೈಟ್ ಬಂತು! ಈಗ ಒತ್ತಿ ಅಕ್ಕಾ!"

ಅಷ್ಟು ಜನರೆದುರು ಅವಳು ನನ್ನನ್ನು ಅಕ್ಕಾ ಎಂದದ್ದು ಅದೇ ಮೊದಲು. ಒತ್ತಿದೆ.